ಸಾಕು ಕುಟುಂಬದಲ್ಲಿರುವ ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಯಾರು ಕೊಡಬೇಕು? ತುಮಕೂರು ಜಿಲ್ಲೆಯ ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮಗುವಿಗೆ ಶಸ್ತ್ರಚಿಕಿತ್ಸೆ ಆಗಬೇಕು, ತಂದೆಯೋ ತಾಯಿಯೋ ಬಂದು ಸಹಿ ಹಾಕಬೇಕು ಎಂದು ಆಸ್ಪತ್ರೆಯ ಸಿಬ್ಬಂದಿ ಒಪ್ಪಿಗೆ ಪತ್ರವನ್ನು ಮುಂದಿಟ್ಟಾಗ, ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಡಿ, ಅಂದರೆ ದತ್ತು ಪಡೆಯದೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ, ಮಗುವನ್ನು ಸಾಕುತ್ತಿರುವ ದಂಪತಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಹೆತ್ತವರು ಎಲ್ಲಿದ್ದಾರೋ ಗೊತ್ತಿರುವುದಿಲ್ಲ, ಅಥವಾ ಅವರನ್ನು ಹುಡುಕಿಕೊಂಡು ಹೋಗುವುದು ಮಗುವಿಗೇ ಅಪಾಯವಾಗಿರುತ್ತದೆ. ಊಟ, ಶಾಲೆ, ಜ್ವರ, ನೆಗಡಿ ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿಕೊಂಡವರು ಆ ಒಂದು ಹಾಳೆಯ ಮುಂದೆ ಪರಕೀಯರಾಗಿ ನಿಲ್ಲುತ್ತಾರೆ. ಇದನ್ನು ತಪ್ಪಿಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಕೆಲಸ ಆಸ್ಪತ್ರೆಗೆ ಹೋದ ದಿನ ಆರಂಭವಾಗುವಂಥದ್ದಲ್ಲ, ಮಗು ಮನೆಗೆ ಬಂದ ದಿನವೇ ಆಗಬೇಕಾದದ್ದು. ಈ ಬರಹದ ಮುಖ್ಯ ಮಾತು ಅದೇ. ತುಮಕೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಕಾಯ್ದೆ ಒಂದೇ ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪೋಷಕರಿಗೂ ಇದು ಅನ್ವಯಿಸುತ್ತದೆ.

ಮೊದಲಿಗೆ ಕಾನೂನಿನ ನೆಲೆ

ಪೋಷಕತ್ವದ ಆಧಾರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ವಿಚಾರದಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯೇ ತೀರ್ಮಾನಿಸುವ ಪ್ರಾಧಿಕಾರ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವನ್ನು ಕಾಯ್ದೆ ಕೊಟ್ಟಿದೆ. 44ನೆಯ ಕಲಮಿನಂತೆ ಸಮಿತಿ ಮಗುವನ್ನು ಸಾಕು ಕುಟುಂಬಕ್ಕೆ ಒಪ್ಪಿಸುತ್ತದೆ, ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕತೆಯ ಹೊಣೆಯನ್ನು ಆ ಕುಟುಂಬ ಹೊರಬೇಕಾಗುತ್ತದೆ, ಸಮಿತಿ ಪ್ರತಿ ತಿಂಗಳೂ ಕುಟುಂಬವನ್ನು ಪರಿಶೀಲಿಸಬೇಕಾಗುತ್ತದೆ.

ಆರೋಗ್ಯದ ಹೊಣೆ ಸಾಕು ಪೋಷಕರದ್ದು ಎನ್ನುವ ಈ ಕಲಂ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಮಾಡಬಹುದೇ ಎಂಬುದಕ್ಕೆ ನೇರ ಉತ್ತರ ಕೊಡುವುದಿಲ್ಲ. ಉತ್ತರಕ್ಕಾಗಿ ಎರಡು ಕಡೆ ನೋಡಬೇಕು. ಅದೇ ಕಾಯ್ದೆಯ 2ನೆಯ ಕಲಮಿನಲ್ಲಿರುವ ವ್ಯಾಖ್ಯಾನದ ಪ್ರಕಾರ, ಸಹಜ ಪಾಲಕರು ಮಾತ್ರವಲ್ಲದೆ, ಮಗು ವಾಸ್ತವವಾಗಿ ಯಾರ ಸುಪರ್ದಿನಲ್ಲಿದೆಯೋ ಅವರನ್ನೂ ಸಮಿತಿ ತನ್ನ ನಡಾವಳಿಯಲ್ಲಿ ಪಾಲಕರೆಂದು ಗುರುತಿಸಬಹುದು. ಇನ್ನೊಂದು ಕಡೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಂ ಇದೆ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪಾಲಕರ ಅಥವಾ ಮಗುವನ್ನು ಕಾನೂನುಬದ್ಧವಾಗಿ ತಮ್ಮ ಸುಪರ್ದಿನಲ್ಲಿ ಹೊಂದಿರುವ ಬೇರೆ ವ್ಯಕ್ತಿಯ ಒಪ್ಪಿಗೆಯಿಂದ ಸದ್ಭಾವನೆಯಲ್ಲಿ ಮಾಡಿದ ಕೆಲಸ ಅಪರಾಧವಾಗದು ಎಂದು ಅದು ಹೇಳುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 89ನೆಯ ಕಲಮಿನಲ್ಲಿ ಇದ್ದದ್ದೂ ಇದೇ. ಸಮಿತಿಯ ಆದೇಶ ಕೈಯಲ್ಲಿರುವ ಸಾಕು ತಾಯಿ ಅಂಥ ಬೇರೆ ವ್ಯಕ್ತಿಯೇ ಆಗಿದ್ದಾರೆ. ಆದರೆ ರಾತ್ರಿ ಪಾಳಿಯ ವೈದ್ಯರಿಗೆ ಕಲಂಗಳನ್ನು ವಿವರಿಸಿ ಹೇಳುವುದು ಕಷ್ಟ. ಅದಕ್ಕಾಗಿಯೇ ಈ ಅಧಿಕಾರವನ್ನು ಆದೇಶದಲ್ಲಿ ಸ್ಪಷ್ಟ ಮಾತಿನಲ್ಲಿ ಬರೆಸಿಕೊಳ್ಳಬೇಕು.

ಒಂದು ಎಚ್ಚರಿಕೆ. ಪೋಷಕತ್ವ ದತ್ತು ಅಲ್ಲ. ಮಗು ನಿಮ್ಮ ಮನೆಗೆ ಬಂದ ಮಾತ್ರಕ್ಕೆ ಹೆತ್ತವರ ಪಾಲಕತ್ವ ತಾನಾಗಿ ಕೊನೆಗೊಳ್ಳುವುದಿಲ್ಲ. ಅವರು ಮಗುವನ್ನು ನೋಡಲು ಬರಬಹುದು, ಪರಿಸ್ಥಿತಿ ಸುಧಾರಿಸಿದರೆ ಸಮಿತಿ ಮಗುವನ್ನು ಅವರಿಗೆ ಮರಳಿ ಒಪ್ಪಿಸಲೂಬಹುದು. ಆದ್ದರಿಂದ ದೊಡ್ಡ ಚಿಕಿತ್ಸೆಯ ತೀರ್ಮಾನಗಳಲ್ಲಿ ಅವರಿಗೂ ಒಂದು ಸ್ಥಾನವಿದೆ. ಆ ಸಂಪರ್ಕ ಸಮಿತಿಯ ಮೂಲಕವೇ ನಡೆಯಬೇಕು, ನಿಮ್ಮ ಫೋನಿನ ಮೂಲಕವಲ್ಲ.

ಹಂತ 1: ಪೋಷಕತ್ವದ ಆದೇಶದಲ್ಲೇ ವೈದ್ಯಕೀಯ ಅಧಿಕಾರವನ್ನು ಬರೆಸಿಕೊಳ್ಳಿ

ಸಮಿತಿಯ ಮುಂದೆ ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಕರೆತರುವ ದಿನ ಮನೆಯವರೆಲ್ಲ ಸಂಭ್ರಮದಲ್ಲೂ ಆತಂಕದಲ್ಲೂ ಇರುತ್ತಾರೆ. ಆದೇಶದ ಪ್ರತಿಯನ್ನು ಓದಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೂ ಓದಲೇಬೇಕು. ‘ಮಗುವಿನ ಆರೋಗ್ಯವನ್ನು ನೋಡಿಕೊಳ್ಳತಕ್ಕದ್ದು’ ಎಂಬ ಸಾಮಾನ್ಯ ವಾಕ್ಯವಷ್ಟೇ ಅದರಲ್ಲಿದ್ದರೆ, ವೈದ್ಯಕೀಯ ಒಪ್ಪಿಗೆಯ ಬಗ್ಗೆ ಪ್ರತ್ಯೇಕ ನಿರ್ದೇಶನವನ್ನು ಸೇರಿಸಿಕೊಡುವಂತೆ ಅಲ್ಲೇ ಕೇಳಿಕೊಳ್ಳಿ. 37ನೆಯ ಕಲಮಿನಡಿ, ಮಗುವನ್ನು ವಹಿಸಿಕೊಂಡವರಿಗೆ ವೈದ್ಯಕೀಯ ನೆರವು, ಮಾನಸಿಕ ಆರೋಗ್ಯದ ನೆರವು ಮುಂತಾದವುಗಳ ಬಗ್ಗೆ ನಿರ್ದೇಶನ ಕೊಡುವ ಅಧಿಕಾರ ಸಮಿತಿಗೆ ಇದೆ. ನೀವು ಕೇಳುತ್ತಿರುವುದು ವಿಶೇಷ ಉಪಕಾರವಲ್ಲ ಎಂಬುದು ನೆನಪಿರಲಿ. ಆ ನಿರ್ದೇಶನ ಹೀಗಿರಬಹುದು:

‘ಸದರಿ ಮಗುವಿನ ಹೊರರೋಗಿ ಚಿಕಿತ್ಸೆ, ಲಸಿಕೆ, ರಕ್ತ ಮತ್ತಿತರ ಪರೀಕ್ಷೆಗಳು, ಹಲ್ಲು ಮತ್ತು ಕಣ್ಣಿನ ಚಿಕಿತ್ಸೆ ಹಾಗೂ ಆಸ್ಪತ್ರೆ ದಾಖಲಾತಿಗೆ ಒಪ್ಪಿಗೆ ನೀಡಲು ಸಾಕು ಪೋಷಕರನ್ನು ಈ ಸಮಿತಿಯು ಪಾಲಕರೆಂದು ಗುರುತಿಸಿದೆ. ಅರಿವಳಿಕೆ ಅಗತ್ಯವಿರುವ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಸಮಿತಿಯ ಲಿಖಿತ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ಜೀವಕ್ಕೆ ಅಥವಾ ಅಂಗಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಪೋಷಕರೇ ಒಪ್ಪಿಗೆ ನೀಡಿ, 24 ಗಂಟೆಗಳೊಳಗೆ ಸಮಿತಿಗೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸತಕ್ಕದ್ದು.’

ಇದು ಕಾಯ್ದೆಯಲ್ಲಿರುವ ಮಾದರಿಯಲ್ಲ, ನನ್ನ ಸಲಹೆ. ಸಮಿತಿ ತನ್ನ ಮಾತುಗಳಲ್ಲಿ ಇದನ್ನು ಬದಲಿಸಬಹುದು, ಇಪ್ಪತ್ನಾಲ್ಕು ಗಂಟೆಯ ಬದಲು ಬೇರೆ ಅವಧಿಯನ್ನೂ ಹೇಳಬಹುದು. ಮೂರು ಅಂಶಗಳು ಮಾತ್ರ ಬಿಟ್ಟುಹೋಗಬಾರದು: ಪಾಲಕರೆಂದು ಗುರುತಿಸಿರುವುದು, ಯಾವುದಕ್ಕೆ ಮುಂಚಿತ ಅನುಮತಿ ಬೇಕು ಎಂಬುದು, ತುರ್ತಿನಲ್ಲಿ ಏನು ಮಾಡಬೇಕು ಎಂಬುದು. ಆದೇಶದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಒಬ್ಬರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ಮನೆಯಲ್ಲಿರುವವರ ಸಹಿ ನಡೆಯಬೇಕು.

ಈಗಾಗಲೇ ಮಗು ನಿಮ್ಮ ಮನೆಯಲ್ಲಿದ್ದು ಆದೇಶದಲ್ಲಿ ಇಂಥ ನಿರ್ದೇಶನ ಇಲ್ಲದಿದ್ದರೆ, ಸಮಿತಿಯ ಅಧ್ಯಕ್ಷರಿಗೆ ಒಂದು ಅರ್ಜಿ ಬರೆದು ಪೂರಕ ಆದೇಶ ಕೇಳಿ. ಕಾಯ್ದೆಯಂತೆ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ಮಗು ಆರೋಗ್ಯವಾಗಿರುವಾಗಲೇ ಈ ಅರ್ಜಿ ಹೋಗಲಿ.

ಹಂತ 2: ಮಗುವಿನದೇ ಒಂದು ಫೈಲು

ಆದೇಶದ ಮೂಲಪ್ರತಿ ಬೀರುವಿನಲ್ಲಿರಲಿ. ಅದರ ದೃಢೀಕೃತ ನಕಲುಗಳು, ಮಗುವಿನ ಆಧಾರ್ ಪ್ರತಿ, ತಾಯಿ ಕಾರ್ಡ್ ಅಥವಾ ಲಸಿಕೆಯ ದಾಖಲೆ, ಹಳೆಯ ಓಪಿಡಿ ಚೀಟಿಗಳು, ರಕ್ತದ ಗುಂಪು, ಯಾವ ಔಷಧಿ ಮೈಗೆ ಆಗುವುದಿಲ್ಲ ಎಂಬ ವಿವರ, ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಮತ್ತು ಸಮಿತಿಯ ಕಚೇರಿಯ ದೂರವಾಣಿ ಸಂಖ್ಯೆಗಳು ಒಂದೇ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇರಲಿ. ಆದೇಶದ ಫೋಟೊ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ, ಆದರೆ ಅದನ್ನು ಯಾವ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಇಂಥ ಮಗುವಿನ ಗುರುತು ಬಯಲಾಗುವಂತೆ ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು 74ನೆಯ ಕಲಂ ನಿಷೇಧಿಸುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಖರ್ಚಿನ ವಿಚಾರವನ್ನೂ ಈ ಹಂತದಲ್ಲೇ ವಿಚಾರಿಸಿಕೊಳ್ಳಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕತ್ವದಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ, ಅದು ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಸಾಲದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆಯಾದರೂ, ಮಗುವಿನ ಹೆಸರು ನಿಮ್ಮ ಪಡಿತರ ಚೀಟಿಯಲ್ಲಿ ಇರುವುದಿಲ್ಲ. ಮಗು ಯಾವ ಕಾರ್ಡಿನಡಿ ಚಿಕಿತ್ಸೆ ಪಡೆಯಬೇಕು ಎಂದು ಮಕ್ಕಳ ರಕ್ಷಣಾ ಘಟಕವನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಫೈಲಿಗೆ ಸೇರಿಸಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಹೃದಯದ ತೊಂದರೆ, ಸೀಳು ತುಟಿ ಮುಂತಾದವುಗಳಿಗೆ ಉಚಿತ ಚಿಕಿತ್ಸೆಯ ದಾರಿಯೂ ಇದೆ.

ಹಂತ 3: ದಿನನಿತ್ಯದ ಚಿಕಿತ್ಸೆ

ಜ್ವರ, ಬೇಧಿ, ಗಾಯಕ್ಕೆ ಹೊಲಿಗೆ, ಕಣ್ಣಿನ ಪರೀಕ್ಷೆ, ಲಸಿಕೆ, ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಇವಕ್ಕೆಲ್ಲ ಯಾರನ್ನೂ ಕೇಳುತ್ತ ಕೂರಬೇಕಿಲ್ಲ. ಆರೋಗ್ಯದ ಹೊಣೆಯನ್ನು ಕಾಯ್ದೆಯೇ ನಿಮಗೆ ವಹಿಸಿದೆ. ಚೀಟಿಗಳನ್ನು ಜೋಪಾನ ಮಾಡಿ, ತಿಂಗಳ ಪರಿಶೀಲನೆಗೆ ಬಂದವರಿಗೆ ತೋರಿಸಿದರೆ ಸಾಕು. ಪಾವಗಡ, ಶಿರಾ, ಮಧುಗಿರಿಯಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುವುದು ಸಾಮಾನ್ಯ ನೋಟ. ಮಗು ಬೇರೆ ಊರಿನಿಂದ ಬಂದಿದ್ದರೆ, ಬಂದಾಗ ಹಲ್ಲು, ಮೂಳೆ, ತೂಕ, ಎತ್ತರ ಹೇಗಿದ್ದವು ಎಂಬುದನ್ನು ಮೊದಲ ತಪಾಸಣೆಯಲ್ಲೇ ಬರೆಸಿಟ್ಟುಕೊಳ್ಳುವುದು ಮಗುವಿಗೂ ನಿಮಗೂ ಒಳ್ಳೆಯದು.

ಹಂತ 4: ಮೊದಲೇ ನಿಗದಿಯಾಗುವ ಶಸ್ತ್ರಚಿಕಿತ್ಸೆ

ಗುಬ್ಬಿ ತಾಲ್ಲೂಕಿನ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗನಿದ್ದಾನೆ, ಅವನಿಗೆ ಹರ್ನಿಯಾ ಇದೆ ಎಂದಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ದಾರೆ, ಕೆಲವು ವಾರಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. ಈ ಅವಧಿಯನ್ನು ಪೋಷಕರು ಚೆನ್ನಾಗಿ ಬಳಸಿಕೊಳ್ಳಬೇಕು.

ವೈದ್ಯರಿಂದ ಮೊದಲು ಒಂದು ಚೀಟಿ ಬೇಕು. ಅದರಲ್ಲಿ ಕಾಯಿಲೆಯ ಹೆಸರು, ಮಾಡಬೇಕಾದ ಶಸ್ತ್ರಚಿಕಿತ್ಸೆ, ಯಾವ ಬಗೆಯ ಅರಿವಳಿಕೆ, ರಕ್ತ ಕೊಡಬೇಕಾಗಬಹುದೇ, ತಡವಾದರೆ ಏನಾಗುತ್ತದೆ, ಬೇರೆ ಚಿಕಿತ್ಸೆಯ ದಾರಿ ಇದೆಯೇ ಎಂಬುದೆಲ್ಲ ಇರಲಿ. ಮಗುವಿನ ಒಳಿತನ್ನು ಅಳೆಯಲು ಸಮಿತಿಗೆ ಬೇಕಾಗುವ ಮಾಹಿತಿ ಇಷ್ಟೇ. ನಂತರ ಅರ್ಜಿ:

‘ಇವರಿಗೆ: ಅಧ್ಯಕ್ಷರು, ಮಕ್ಕಳ ಕಲ್ಯಾಣ ಸಮಿತಿ, ತುಮಕೂರು. ವಿಷಯ: ಪೋಷಕತ್ವದಲ್ಲಿರುವ ಮಗುವಿನ ಶಸ್ತ್ರಚಿಕಿತ್ಸೆಗೆ ಅನುಮತಿ ಮತ್ತು ಒಪ್ಪಿಗೆ ನೀಡುವ ಅಧಿಕಾರ ಕೋರಿ. ಉಲ್ಲೇಖ: ತಮ್ಮ ಸಮಿತಿಯ ಆದೇಶ ಸಂಖ್ಯೆ ಮತ್ತು ದಿನಾಂಕ. ಮಾನ್ಯರೇ, ಮೇಲ್ಕಂಡ ಆದೇಶದಂತೆ ನಮ್ಮ ಮನೆಯಲ್ಲಿರುವ ಮಗುವಿಗೆ ಹರ್ನಿಯಾ ಇರುವುದಾಗಿ ಜಿಲ್ಲಾ ಆಸ್ಪತ್ರೆಯ ವೈದ್ಯರು ತಿಳಿಸಿದ್ದು, ಈ ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವಂತೆ ಸಲಹೆ ನೀಡಿರುತ್ತಾರೆ. ವೈದ್ಯರ ಚೀಟಿಯನ್ನು ಲಗತ್ತಿಸಿದೆ. ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ಅಗತ್ಯಬಿದ್ದಲ್ಲಿ ರಕ್ತ ನೀಡುವುದಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು ನಮಗೆ ಅಧಿಕಾರ ನೀಡಬೇಕೆಂದೂ, ಮಗುವಿನ ಹೆತ್ತವರಿಗೆ ತಿಳಿಸುವುದು ಸೂಕ್ತವೆಂದು ಸಮಿತಿಗೆ ಕಂಡುಬಂದಲ್ಲಿ ಸಮಿತಿಯ ಮೂಲಕವೇ ತಿಳಿಸಬೇಕೆಂದೂ ಕೋರುತ್ತೇವೆ.’

ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂರನೆಯ ನಕಲೊಂದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಿ. ಮಗುವನ್ನೂ ಜೊತೆಯಲ್ಲಿ ಕರೆದೊಯ್ಯುವುದು ಒಳ್ಳೆಯದು, ಏಕೆಂದರೆ ತನ್ನ ವಿಚಾರದಲ್ಲಿ ಮಾತನಾಡುವ ಹಕ್ಕನ್ನು ಕಾಯ್ದೆಯ 3ನೆಯ ಕಲಂ ಮಗುವಿಗೆ ಕೊಟ್ಟಿದೆ. ಎಂಟು ವರ್ಷದ ಹುಡುಗನಿಗೆ ‘ಹೊಟ್ಟೆಯ ಕೆಳಗಿನ ಗಂಟನ್ನು ಡಾಕ್ಟರು ಸರಿ ಮಾಡುತ್ತಾರೆ, ಆಗ ನಿದ್ದೆ ಬರುವ ಔಷಧಿ ಕೊಡುತ್ತಾರೆ, ಎಚ್ಚರವಾದಾಗ ನಾನು ಪಕ್ಕದಲ್ಲಿರುತ್ತೇನೆ’ ಎಂದು ಹೇಳಿದರೆ ಅರ್ಥವಾಗುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದ ಮಗುವಿಗೆ, ಏನೂ ಹೇಳದೆ ಆಸ್ಪತ್ರೆಗೆ ಕರೆದೊಯ್ದರೆ ತನ್ನನ್ನು ಮತ್ತೆಲ್ಲೋ ಬಿಟ್ಟು ಬರುತ್ತಾರೆ ಎಂಬ ಭಯ ಹುಟ್ಟುತ್ತದೆ. ಆ ಭಯ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ನೋಯಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 5: ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗ

ಒಪ್ಪಿಗೆ ಪತ್ರದ ಕೊನೆಯಲ್ಲಿ ಸಹಿ ಮಾಡುವವರ ಹೆಸರು, ಅದರ ಪಕ್ಕದಲ್ಲಿ ‘ರೋಗಿಯೊಂದಿಗಿನ ಸಂಬಂಧ’ ಎಂಬ ಸಣ್ಣ ಜಾಗ ಇರುತ್ತದೆ. ಅಲ್ಲಿ ‘ತಾಯಿ’ ಎಂದು ಬರೆದುಬಿಡುವುದು ಬಹಳ ಸುಲಭ, ಮಗು ಕರೆಯುವುದೂ ಅಮ್ಮ ಎಂದೇ. ಆದರೂ ಬರೆಯಬೇಡಿ. ಆ ಒಂದು ಪದ ಕೇಸ್ ಶೀಟಿಗೆ, ಡಿಸ್ಚಾರ್ಜ್ ಸಮರಿಗೆ, ವಿಮೆಯ ಕಾಗದಗಳಿಗೆ ಹೋಗಿ, ಮಗುವಿನ ಜನನ ಪ್ರಮಾಣಪತ್ರ ಮತ್ತು ಆಧಾರಿನ ವಿವರಗಳೊಂದಿಗೆ ತಾಳೆಯಾಗದೆ ಮುಂದೆ ಪ್ರತಿ ಕಚೇರಿಯಲ್ಲೂ ಪ್ರಶ್ನೆಯಾಗುತ್ತದೆ. ಹೆತ್ತವರು ತಕರಾರು ತೆಗೆದ ದಿನ ನಿಮ್ಮ ಪ್ರಾಮಾಣಿಕತೆಯೇ ಸಂಶಯಕ್ಕೆ ಒಳಗಾಗುತ್ತದೆ. ‘ಸಾಕು ತಾಯಿ, ಮಕ್ಕಳ ಕಲ್ಯಾಣ ಸಮಿತಿ, ತುಮಕೂರು ಇವರ ಆದೇಶದಂತೆ ಪಾಲಕಿ’ ಎಂದು ಬರೆದು, ಆದೇಶ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ನಕಲೊಂದನ್ನು ಕೇಸ್ ಶೀಟಿಗೆ ಪಿನ್ ಮಾಡಿಸಿ. ಜಾಗ ಸಾಲದಿದ್ದರೆ ಹಾಳೆಯ ಅಂಚಿನಲ್ಲಿ ಬರೆಯಿರಿ.

ಖಾಲಿ ಬಿಟ್ಟ ನಮೂನೆಗೆ ಸಹಿ ಮಾಡಬೇಡಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಬೇರೊಂದು ಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ. ತಡಮಾಡಿದರೆ ಜೀವಕ್ಕೆ ಅಪಾಯ ಎನ್ನುವಂಥ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಶಸ್ತ್ರಚಿಕಿತ್ಸೆ, ಅರಿವಳಿಕೆ, ರಕ್ತ ನೀಡುವುದು ಇವುಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಸಹಿ ಕೇಳುತ್ತಾರೆ, ಪ್ರತಿಯೊಂದನ್ನೂ ನಿಮಗೆ ಬರುವ ಭಾಷೆಯಲ್ಲಿ ವಿವರಿಸಿ ಎಂದು ಕೇಳಿ. ಪಾವಗಡದ ಕಡೆಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಕೈಗೆ ಬರುವ ನಮೂನೆ ಇಂಗ್ಲಿಷು. ಅರ್ಥವಾಗದೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯಲಾಗದು.

ಮಗುವಿಗೆ ಹನ್ನೆರಡು ತುಂಬಿದ್ದರೆ ಒಂದು ವ್ಯತ್ಯಾಸವಿದೆ. ಹನ್ನೆರಡರೊಳಗಿನ ಮಗುವಿನ ಒಪ್ಪಿಗೆಯನ್ನು ಸಾಮಾನ್ಯವಾಗಿ ಒಪ್ಪಿಗೆಯೆಂದು ನ್ಯಾಯ ಸಂಹಿತೆಯ 28ನೆಯ ಕಲಂ ಪರಿಗಣಿಸುವುದಿಲ್ಲ. ಅದಕ್ಕಿಂತ ದೊಡ್ಡ ಮಗುವಿನ ಮಾತಿಗೆ ಕ್ರಿಮಿನಲ್ ಕಾನೂನಿನಲ್ಲಿ ಬೆಲೆ ಇದೆ. ಆದರೆ 1875ರ ಪ್ರಾಪ್ತವಯಸ್ಸಿನ ಕಾಯ್ದೆಯಂತೆ 18 ತುಂಬುವವರೆಗೆ ಆ ಮಗು ಅಪ್ರಾಪ್ತವೇ ಆದ್ದರಿಂದ ಆಸ್ಪತ್ರೆಗಳು ಪಾಲಕರ ಸಹಿಯನ್ನು ಕೇಳುತ್ತವೆ. ಹನ್ನೆರಡರಿಂದ ಹದಿನೆಂಟರ ನಡುವಿನ ಮಗುವಿನ ಸಹಿಯನ್ನೂ ನಿಮ್ಮ ಸಹಿಯ ಜೊತೆಗೆ ಹಾಕಿಸುವುದು ಸರಿಯಾದ ಕ್ರಮ. ಹದಿನೈದರ ಹುಡುಗಿ ಬೇಡವೆಂದು ಹಟ ಹಿಡಿದರೆ, ತುರ್ತಿಲ್ಲದ ಪಕ್ಷದಲ್ಲಿ ಸಮಿತಿ ಅವಳ ಮಾತನ್ನು ಕೇಳುವವರೆಗೆ ಕಾಯಿರಿ.

ಹಂತ 6: ತುರ್ತು ಸಂದರ್ಭ

ಮರದಿಂದ ಬಿದ್ದ, ಹಾವು ಕಚ್ಚಿದ, ರಸ್ತೆಯಲ್ಲಿ ಗುದ್ದಿಸಿಕೊಂಡ ಮಗುವನ್ನು ಎತ್ತಿಕೊಂಡು ಹೊರಡುವಾಗ ಸಮಿತಿಯ ಅನುಮತಿಗೆ ಕಾಯಬಾರದು. 108ಕ್ಕೆ ಕರೆ ಮಾಡಿ, ಆಸ್ಪತ್ರೆ ಸೇರಿ, ಒಪ್ಪಿಗೆಗೆ ಸಹಿ ಮಾಡಿ, ಆಮೇಲೆ ಉಳಿದವರಿಗೆ ತಿಳಿಸಿ. ಪಾಲಕರಾಗಲಿ, ಕಾನೂನುಬದ್ಧವಾಗಿ ಮಗುವನ್ನು ನೋಡಿಕೊಳ್ಳುತ್ತಿರುವ ಬೇರೆಯವರಾಗಲಿ ಸಕಾಲದಲ್ಲಿ ಸಿಗದಿದ್ದರೆ, ಸದ್ಭಾವನೆಯಿಂದ ಮಗುವಿನ ಒಳಿತಿಗಾಗಿ ವೈದ್ಯರು ಒಪ್ಪಿಗೆಯಿಲ್ಲದೆಯೂ ಚಿಕಿತ್ಸೆ ಮಾಡಬಹುದೆಂದು ನ್ಯಾಯ ಸಂಹಿತೆಯ 30ನೆಯ ಕಲಂ ಹೇಳುತ್ತದೆ. ಅಪಘಾತಕ್ಕೊಳಗಾದ ಮಗುವಿನ ಪಾಲಕರನ್ನು ಕೇಳಲು ಸಮಯವಿಲ್ಲದಾಗ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಉದಾಹರಣೆಯನ್ನು ಹಳೆಯ ಸಂಹಿತೆಯ 92ನೆಯ ಕಲಮಿನ ಕೆಳಗೇ ಕೊಟ್ಟಿತ್ತು.

ಗಾಯಾಳುವಿನ ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ವಿಧಿಗಳು ಅದಕ್ಕೆ ಅಡ್ಡಿಯಾಗಬಾರದು ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ತುರ್ತು ಚಿಕಿತ್ಸೆಯನ್ನು ಮುಂಗಡ ಹಣಕ್ಕಾಗಿ ತಡೆಯುವಂತಿಲ್ಲ ಎಂಬುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನಿಲುವು. ಯಾರಾದರೂ ‘ಹೆತ್ತವರ ಸಹಿ ಇಲ್ಲದೆ ಮುಟ್ಟುವುದಿಲ್ಲ’ ಎಂದರೆ ಜಗಳಕ್ಕೆ ನಿಲ್ಲದೆ, ಆದೇಶದ ನಕಲು ತೋರಿಸಿ, ಜಿಲ್ಲಾ ಶಸ್ತ್ರಚಿಕಿತ್ಸಕರನ್ನೋ ವೈದ್ಯಕೀಯ ಅಧೀಕ್ಷಕರನ್ನೋ ಕಾಣಿರಿ. ನಿರಾಕರಣೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಿದರೆ ಬಹಳಷ್ಟು ಸಲ ಅಲ್ಲಿಗೇ ವಿಷಯ ಇತ್ಯರ್ಥವಾಗುತ್ತದೆ. ಜೊತೆಯಲ್ಲಿರುವ ಇನ್ನೊಬ್ಬರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ, ಅದು ಹಗಲು ರಾತ್ರಿ ಕೆಲಸ ಮಾಡುತ್ತದೆ.

ಗಡಿ ತಾಲ್ಲೂಕುಗಳ ಮಾತನ್ನು ಇಲ್ಲೇ ಹೇಳಬೇಕು. ಪಾವಗಡವನ್ನು ಬಹುಪಾಲು ಆಂಧ್ರ ಸುತ್ತುವರಿದಿದೆ. ಅಲ್ಲಿಯವರಿಗೆ ತುಮಕೂರಿಗಿಂತ ಹಿಂದೂಪುರ ಹತ್ತಿರ, ಗೌರಿಬಿದನೂರಿನವರಿಗೂ ಹಿಂದೂಪುರ ಹತ್ತಿರದ ಪೇಟೆಯೇ. ತುರ್ತಿದ್ದರೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ತುರ್ತಿಲ್ಲದ ಚಿಕಿತ್ಸೆಗೆ ರಾಜ್ಯದ ಗಡಿ ದಾಟುವ ಮೊದಲು ಮಾತ್ರ ಸಮಿತಿಗೆ ಲಿಖಿತವಾಗಿ ತಿಳಿಸಿ. ಅಲ್ಲಿನ ಆಸ್ಪತ್ರೆಯವರಿಗೆ ಕನ್ನಡದ ಆದೇಶ ಓದಲು ಬಾರದೆ ಇರಬಹುದಾದ್ದರಿಂದ ಇಂಗ್ಲಿಷ್ ಪ್ರತಿಯೊಂದನ್ನು ಸಮಿತಿಯಿಂದಲೇ ಪಡೆದು ಫೈಲಿನಲ್ಲಿಟ್ಟುಕೊಳ್ಳಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ನಿಮ್ಹಾನ್ಸ್‌ಗೋ ಕಳಿಸಿದಾಗಲೂ ಫೈಲು ಮಗುವಿನ ಜೊತೆಗೇ ಹೋಗಬೇಕು.

ಹಂತ 7: ಬೇರೆ ಕಾನೂನುಗಳು ಅನ್ವಯಿಸುವ ಸಂದರ್ಭಗಳು

ಮಾನಸಿಕ ಆರೋಗ್ಯಕ್ಕಾಗಿ ಆಪ್ತಸಮಾಲೋಚನೆಗೆ ಹೋಗುವುದು ಸಾಮಾನ್ಯ ಚಿಕಿತ್ಸೆಯಂತೆಯೇ. ದಾಖಲು ಮಾಡಬೇಕಾದರೆ ಮಾತ್ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 87ನೆಯ ಕಲಂ ಅನ್ವಯಿಸುತ್ತದೆ. ಅರ್ಜಿ ಹಾಕುವುದು ಮತ್ತು ಚಿಕಿತ್ಸೆಗೆ ಒಪ್ಪುವುದು ಮಗುವಿನ ನಾಮನಿರ್ದೇಶಿತ ಪ್ರತಿನಿಧಿಯ ಕೆಲಸ. ಸಾಮಾನ್ಯವಾಗಿ ಅದು ಕಾನೂನುಬದ್ಧ ಪಾಲಕರೇ, ಆದ್ದರಿಂದ ಸಮಿತಿಯ ಗುರುತಿಸುವಿಕೆ ಇಲ್ಲಿ ಅತ್ಯಂತ ಅಗತ್ಯ. ಮಗುವನ್ನು ವಯಸ್ಕರಿಂದ ಪ್ರತ್ಯೇಕವಾಗಿ ಇರಿಸಬೇಕು, ಪ್ರತಿನಿಧಿ ಅಥವಾ ಅವರು ನೇಮಿಸಿದವರು ಪೂರ್ತಿ ಅವಧಿ ಜೊತೆಗಿರಬೇಕು, ದಾಖಲಾತಿಯನ್ನು 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅಪ್ರಾಪ್ತರಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಪಾಲಕರ ಒಪ್ಪಿಗೆ ಮತ್ತು ಮಂಡಳಿಯ ಮುಂಚಿತ ಅನುಮತಿ ಎರಡೂ ಇಲ್ಲದೆ ಮಾಡುವಂತಿಲ್ಲ.

ಲೈಂಗಿಕ ದೌರ್ಜನ್ಯದ ಶಂಕೆ ಇದ್ದರೆ ಚಿಕಿತ್ಸೆ ಮೊದಲು, ಅದಕ್ಕೆ ಎಫ್ಐಆರ್ ಆಗಲಿ ಪೊಲೀಸರ ಪತ್ರವಾಗಲಿ ಬೇಕಿಲ್ಲ. ಪೋಕ್ಸೊ ಕಾಯ್ದೆಯ 27ನೆಯ ಕಲಮಿನಂತೆ ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಶಂಕೆ ಸಾಕು ಮನೆಯವರ ಮೇಲೆಯೇ ಇದ್ದರೆ ಆ ಮನೆಯ ಯಾರೂ ಒಪ್ಪಿಗೆ ಪತ್ರಕ್ಕೆ ಕೈ ಹಾಕಬಾರದು, ಸಮಿತಿಯೇ ಬೇರೊಬ್ಬರನ್ನು ಗೊತ್ತುಮಾಡಬೇಕು. ಇದರಲ್ಲಿ ಯಾವ ಮುಲಾಜೂ ಸಲ್ಲದು.

ಅಪ್ರಾಪ್ತೆಯ ಗರ್ಭಪಾತಕ್ಕೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಪಾಲಕರ ಲಿಖಿತ ಒಪ್ಪಿಗೆ ಕೇಳುತ್ತದೆ. ಆ ಕಾಯ್ದೆಯಲ್ಲಿ ಪಾಲಕರೆಂದರೆ ಅಪ್ರಾಪ್ತೆಯ ಆರೈಕೆಯನ್ನು ಹೊಂದಿರುವ ವ್ಯಕ್ತಿ, ಆದ್ದರಿಂದ ಹೆತ್ತವರನ್ನು ಹುಡುಕುತ್ತ ದಿನ ಕಳೆಯಬೇಕಾಗಿಲ್ಲ. 2021ರ ತಿದ್ದುಪಡಿಯ ನಂತರ ಅಪ್ರಾಪ್ತೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಅವಳ ಇಚ್ಛೆಯೇನೆಂದು ಅವಳನ್ನೇ ಕೇಳಿ, ಸಮಿತಿಗೆ ಕೂಡಲೇ ತಿಳಿಸಿ. ಎಚ್ಐವಿ ಪರೀಕ್ಷೆ ಮತ್ತು ಚಿಕಿತ್ಸೆಗೆ 2017ರ ಎಚ್ಐವಿ ಕಾಯ್ದೆಯಂತೆ ತಿಳಿವಳಿಕೆಯ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು, ಶಾಲೆಗೆ ಹೇಳುವ ಅಗತ್ಯವಿಲ್ಲ. ಔಷಧ ಪ್ರಯೋಗಕ್ಕೆ ಮಗುವನ್ನು ಸೇರಿಸಿ ಎಂದು ಯಾರೇ ಕೇಳಿದರೂ ಸಮಿತಿಯ ಲಿಖಿತ ನಿರ್ದೇಶನ ಇಲ್ಲದೆ ಸಹಿ ಮಾಡಬೇಡಿ.

ಆದೇಶವಿಲ್ಲದೆ ಮೊಮ್ಮಕ್ಕಳನ್ನು ಸಾಕುತ್ತಿರುವವರು

ನಮ್ಮ ಹಳ್ಳಿಗಳಲ್ಲಿ ಅಜ್ಜಿ, ದೊಡ್ಡಪ್ಪ, ಸೋದರಮಾವ ಸಾಕುತ್ತಿರುವ ಮಕ್ಕಳು ಯಾವ ಕಡತದಲ್ಲೂ ಇರುವುದಿಲ್ಲ. ತಂದೆ ತಾಯಿ ತೀರಿಕೊಂಡಿರುತ್ತಾರೆ ಅಥವಾ ದುಡಿಯಲು ಹೋದವರು ಮರಳಿರುವುದಿಲ್ಲ. ಸಣ್ಣ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ, ದೊಡ್ಡದಕ್ಕೆ ಆಗುತ್ತದೆ. ಅಂಥವರು ಮಗುವಿನ ಜೊತೆ ಸಮಿತಿಯ ಮುಂದೆ ಹೋಗಿ, ಪಾಲಕರೆಂದು ಗುರುತಿಸುವಂತೆ ಕೇಳಿಕೊಳ್ಳಬಹುದು. ಶಾಶ್ವತ ಪಾಲಕತ್ವ ಬೇಕಿದ್ದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು, ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ‘ಸಮಿತಿಗೆ ಹೋದರೆ ಮಗುವನ್ನು ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕುತ್ತಾರೆ’ ಎಂಬ ಭಯ ಅಜ್ಜಿಯರಲ್ಲಿ ಬೇರೂರಿದೆ. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬುದು ಕಾಯ್ದೆಯದೇ ತತ್ತ್ವ ಎಂದು ಊರಿನ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಶಿಕ್ಷಕಿಯೋ ಅವರಿಗೆ ಹೇಳಿ ಜೊತೆಗೆ ಹೋದರೆ ದೊಡ್ಡ ಉಪಕಾರವಾಗುತ್ತದೆ.

ಅನುಮತಿ ಸಿಗದಿದ್ದರೆ

ಸಮಿತಿ ಅನುಮತಿ ನಿರಾಕರಿಸಿದರೆ ಕಾರಣ ಸಹಿತ ಆದೇಶ ಕೇಳಿ. ಪೋಷಕತ್ವಕ್ಕೆ ಸಂಬಂಧಿಸಿದ ಸಮಿತಿಯ ತೀರ್ಮಾನಗಳ ವಿರುದ್ಧ 30 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಮೇಲ್ಮನವಿ ಸಲ್ಲಿಸಲು 101ನೆಯ ಕಲಂ ಅವಕಾಶ ಕೊಡುತ್ತದೆ. ಹೆತ್ತವರು ಚಿಕಿತ್ಸೆಗೆ ಅಡ್ಡಬಂದರೂ ನೀವು ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ಎರಡೂ ಕಡೆಯವರನ್ನು ಕೇಳಿ, ವೈದ್ಯರ ಅಭಿಪ್ರಾಯ ನೋಡಿ, ಮಗುವಿನ ಹಿತ ಯಾವುದರಲ್ಲಿದೆ ಎಂದು ತೀರ್ಮಾನಿಸುವುದು ಸಮಿತಿಯ ಕೆಲಸ.

ಮಗು ನಿಮ್ಮ ಮನೆಯಿಂದ ಹೊರಡುವಾಗ

ಮಗು ಹೆತ್ತವರ ಬಳಿಗೆ ಮರಳಲಿ, ಬೇರೆ ಕುಟುಂಬಕ್ಕೆ ಹೋಗಲಿ, ಒಪ್ಪಿಗೆ ಕೊಡುವ ನಿಮ್ಮ ಅಧಿಕಾರ ಆದೇಶದೊಂದಿಗೇ ಮುಗಿಯುತ್ತದೆ. ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಅದಕ್ಕೂ ಮೊದಲೇ ಪಡೆದಿಡಿ, ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಡವಳಿಕೆಯ ನಿಯಮಗಳಲ್ಲಿದೆ. ಇಡೀ ಫೈಲನ್ನು ಸಮಿತಿಯ ಮೂಲಕ ಸ್ವೀಕೃತಿ ಪಡೆದು ಹಸ್ತಾಂತರಿಸಿ. ಈಗ ನಡೆಯುತ್ತಿರುವ ಔಷಧಿಗಳು, ಅವುಗಳ ಪ್ರಮಾಣ ಮತ್ತು ವೇಳೆ, ಬಾಕಿ ಇರುವ ಲಸಿಕೆ, ಮುಂದಿನ ತಪಾಸಣೆಯ ದಿನಾಂಕ ಮತ್ತು ಆಸ್ಪತ್ರೆ, ಮಗುವಿಗೆ ಸೂಜಿ ಕಂಡರೆ ಭಯವಿದ್ದರೆ ಆ ಸಂಗತಿಯನ್ನೂ ಒಂದು ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದು ಫೈಲಿನ ಮೇಲೆಯೇ ಇರಿಸಿ. ಹಿಂದಿನ ಶಸ್ತ್ರಚಿಕಿತ್ಸೆಯ ಒಪ್ಪಿಗೆಗಳಿಗೆ ಸಹಿ ಮಾಡಿದವರು ನೀವೇ ಆದ್ದರಿಂದ, ಆ ಕಾಗದಗಳ ಒಂದೊಂದು ನಕಲು ಮತ್ತು ಹಸ್ತಾಂತರದ ಸ್ವೀಕೃತಿ ನಿಮ್ಮಲ್ಲೂ ಉಳಿಯಲಿ.